ಒಂದೇ ಹೆಸರಿನ ಎರಡು ನುಸಿ

ಸಿರುಗುಪ್ಪದ ಕಡೆಯ ಗೊಬ್ಬರದ ಅಂಗಡಿಗೆ ರೈತನೊಬ್ಬ ಮುಟುರಿಕೊಂಡ ಮೆಣಸಿನ ಕುಡಿಯೊಂದನ್ನು ಮುರಿದುಕೊಂಡು ಬರುತ್ತಾನೆ. "ಅಣ್ಣಾ, ನುಸಿ ಬಿದ್ದೈತಿ, ಏನಾರ ಎಣ್ಣಿ ಕೊಡು" ಅನ್ನುತ್ತಾನೆ. ಈ ಭಾಗದಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅಂಗಡಿಯವನು ಕುಡಿಯನ್ನು ಒಮ್ಮೆ ನೋಡಿ ಒಂದು ಬಾಟಲಿ ತೆಗೆದುಕೊಡುತ್ತಾನೆ. ಆದರೆ ಬಿದ್ದಿರುವುದು ಯಾವ ನುಸಿ?

ಕನ್ನಡದಲ್ಲಿ ನುಸಿ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಕುಲದ ಜೀವಿಗಳನ್ನು ಹೊತ್ತುಕೊಂಡಿದೆ. ಥ್ರಿಪ್ಸ್ ನುಸಿ ಆರು ಕಾಲಿನ ಕೀಟ. ಮೈಟ್ ನುಸಿ ಎಂಟು ಕಾಲಿನದು, ಜೇಡ-ಉಣ್ಣೆಗಳ ಬಳಗದ್ದು. ಥ್ರಿಪ್ಸ್ ರಸ ಹೀರಿದ ಎಲೆ ಅಂಚು ಮೇಲೆತ್ತಿ ದೋಣಿಯಂತಾಗುತ್ತದೆ. ಮೈಟ್ ಹಿಡಿದ ಎಲೆ ಕೆಳಕ್ಕೆ ಮಡಚಿಕೊಂಡು, ತೊಟ್ಟು ನೀಳವಾಗಿ ಚಾಚಿಕೊಳ್ಳುತ್ತದೆ. ಒಂದನ್ನು ಕೊಲ್ಲುವ ಔಷಧಿ ಇನ್ನೊಂದಕ್ಕೆ ಏನೂ ಮಾಡದೆ ಹೋಗಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮೆಣಸಿನ ಹೊಲಗಳಲ್ಲಿ ಎರಡೂ ಉಂಟು, ಹಲವು ಸಲ ಒಂದೇ ಗಿಡದಲ್ಲಿ. ಈ ಗಂಟನ್ನು ಬಿಡಿಸಲು ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ, ಹೊಲದಲ್ಲಿ ಅದು ಇನ್ನೂ ಪೂರ್ತಿ ಬಿಚ್ಚಿಲ್ಲ.

ಹೆಸರಿಡುವ ಕೆಲಸ ಮೊದಲು ನಡೆಯಿತು. ಮೆಣಸಿನ ಮೈಟನ್ನು ಬ್ಯಾಂಕ್ಸ್ ಎಂಬ ವಿಜ್ಞಾನಿ 1904ರಲ್ಲಿ ಗುರುತಿಸಿದ್ದು ಹೊಲದಲ್ಲಲ್ಲ, ವಾಷಿಂಗ್ಟನ್ನಿನ ಒಂದು ಗಾಜಿನ ಮನೆಯಲ್ಲಿ, ಅಲ್ಲಿ ಬೆಳೆಸಿದ್ದ ಮಾವಿನ ಗಿಡದ ಕುಡಿಯಲ್ಲಿ. ಇದಕ್ಕೆ ಈಗಿನ ಹೆಸರು ಪಾಲಿಫ್ಯಾಗೋಟಾರ್ಸೋನೀಮಸ್ ಲೇಟಸ್. ಅನೇಕ ಬಗೆಯ ಗಿಡಗಳನ್ನು ತಿನ್ನುತ್ತದೆ ಎಂಬುದು ಆ ಹೆಸರಿನ ಮೊದಲ ತುಂಡಿನಲ್ಲೇ ಇದೆ. ಥ್ರಿಪ್ಸ್ ನಮಗೆ ಹತ್ತಿರದ್ದು. ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್ ಎಂದು ಹುಡ್ ಎಂಬ ಕೀಟತಜ್ಞ 1919ರಲ್ಲಿ ಬಣ್ಣಿಸಿದ ಮಾದರಿಗಳು ಕೊಯಮತ್ತೂರಿನ ಹರಳು ಮತ್ತು ಮೆಣಸಿನ ಗಿಡಗಳಿಂದ ಬಂದವು. ಆಗ ಬಳ್ಳಾರಿಯೂ ಮದರಾಸು ಪ್ರಾಂತ್ಯದಲ್ಲೇ ಇತ್ತು.

ಆ ಕಾಲದ ಬಳ್ಳಾರಿ ಮಾತ್ರ ಹತ್ತಿಯ ಸೀಮೆ. ಎರೆ ಹೊಲದಲ್ಲಿ ಮಳೆ ನಂಬಿ ಬೆಳೆದ ಇಲ್ಲಿನ ಅರಳೆಗೆ ವ್ಯಾಪಾರದಲ್ಲಿ 'ವೆಸ್ಟರ್ನ್ಸ್' ಎಂಬ ಹೆಸರಿತ್ತು. ವೇದಾವತಿ ದಂಡೆಯ ಹಗರಿ ಕೃಷಿ ಕ್ಷೇತ್ರ 'ಹಗರಿ 1' ತಳಿ ಕೊಟ್ಟು ಹೆಸರು ಮಾಡಿತು. ಒಣ ಬೇಸಾಯದಲ್ಲಿ ಕೀಟ ಇರಲಿಲ್ಲವೆಂದಲ್ಲ. ಬೇಸಿಗೆಯಲ್ಲಿ ಬರಿದಾಗುವ ಹೊಲ ಅದರ ಸಂತತಿಯನ್ನು ವರ್ಷಕ್ಕೊಮ್ಮೆ ಕಡಿದುಹಾಕುತ್ತಿತ್ತು.

ಆ ಕಡಿವಾಣವನ್ನು ನೀರು ಬಿಚ್ಚಿತು. 1953ರಲ್ಲಿ ಜಿಲ್ಲೆಯ ದೊಡ್ಡ ಪಾಲು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರೆಯ ನೀರೂ ಕಾಲುವೆಗೆ ಇಳಿಯಿತು. ಕರಾವಳಿ ಆಂಧ್ರದಿಂದ ಬಂದ ಕುಟುಂಬಗಳು ಸಿರುಗುಪ್ಪದ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತಕ್ಕೆ ಕೈಹಾಕಿದವು. ನೀರು ಸಿಕ್ಕ ಎರೆ ಹೊಲಗಳಿಗೆ ಮೆಣಸಿನಕಾಯಿ ಹೊಂದಿಕೊಂಡಿತು. ಒಣಮೆಣಸಿನ ದೊಡ್ಡ ಬೆಳೆಗಾರ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಯಿತು, ಇಲ್ಲಿನ ಚೀಲಗಳು ಬ್ಯಾಡಗಿಯ ಮಾರುಕಟ್ಟೆಗೆ ಹೊರಟವು. ಹಸಿರು ಹೆಚ್ಚು ತಿಂಗಳು ಉಳಿದಷ್ಟೂ ನುಸಿಗೆ ಹೆಚ್ಚು ತಿಂಗಳ ಊಟ ಸಿಕ್ಕಿತು.

ಧಾರವಾಡ-ಹಾವೇರಿ ಕಡೆ ಈ ಎಲೆ ಮುದುಡುವ ಕಾಟಕ್ಕೆ 'ಮುರ್ಡಾ' ಎನ್ನುವರು. ಆ ಮಾತು ವಿಜ್ಞಾನಿಗಳ ಪ್ರಬಂಧಗಳಿಗೂ ಹಾಗೆಯೇ ಹೋಗಿದೆ. ಮೈಸೂರಿನ ಕೀಟತಜ್ಞ ಎಂ. ಪುಟ್ಟರುದ್ರಯ್ಯನವರು 1959ರಲ್ಲಿ ಮೆಣಸಿನ ಎಲೆ ಮುಟುರನ್ನು ಒಂದು ರೋಗವೆನ್ನದೆ ಹಲವು ಕಾರಣಗಳ 'ಸಂಕೀರ್ಣ' ಎಂದು ಕರೆದು ಸಿಂಪಡಣೆಯ ಕ್ರಮ ಬರೆದರು. ಇದು ಇಡೀ ಚರಿತ್ರೆಯ ತಿರುವು ಎಂದು ನಾನು ನಂಬುತ್ತೇನೆ. ಥ್ರಿಪ್ಸ್, ಮೈಟ್, ಬಿಳಿ ನೊಣ ಹೊತ್ತು ತರುವ ನಂಜು, ಇವೆಲ್ಲ ದೂರದಿಂದ ಒಂದೇ ರೀತಿ ಕಾಣುತ್ತವೆ. ಬೇರೆ ಬೇರೆ ಎಂದು ಒಪ್ಪಿಕೊಂಡ ಮೇಲೆಯೇ ಬೇರೆ ಬೇರೆ ಮದ್ದು ಹುಡುಕಲು ಸಾಧ್ಯ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ.ಪಿ. ಚನ್ನಬಸವಣ್ಣನವರು 1966ರಲ್ಲಿ ಭಾರತದ ಎರಿಯೋಫಿಡ್ ಮೈಟ್‌ಗಳ ಮೇಲೆ ಗ್ರಂಥ ಹೊರತಂದರು. ಮುಂದೆ ದೇಶದ ಮೈಟ್ ಸಂಶೋಧನಾ ಜಾಲಕ್ಕೂ ಬೆಂಗಳೂರೇ ಕೇಂದ್ರವಾಯಿತು. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಟಿ.ಎನ್. ಅನಂತಕೃಷ್ಣನ್ ಥ್ರಿಪ್ಸ್‌ಗಾಗಿ ಅದೇ ಕೆಲಸ ಮಾಡುತ್ತಿದ್ದರು.

ಆದರೆ ಭೂತಗನ್ನಡಿಯ ತಿಳಿವಳಿಕೆ ಊರಿಗೆ ಬರುವಷ್ಟರಲ್ಲಿ ಎಣ್ಣೆ ಹೊಡೆಯುವ ಪಂಪು ಮುಂಚೆಯೇ ತಲುಪಿತ್ತು. ಗಂಧಕದ ಪುಡಿ, ಬಿಎಚ್‌ಸಿ, ಆಮೇಲೆ ಎಂಡೋಸಲ್ಫಾನ್, ಮೊನೊಕ್ರೋಟೊಫಾಸ್. ಇವುಗಳಲ್ಲಿ ಗಂಧಕ ಮೈಟ್‌ಗೆ ನಿಜಕ್ಕೂ ತಾಗುತ್ತಿತ್ತು. ಬಿಎಚ್‌ಸಿಗೆ 1997ರಲ್ಲಿ, ಕಾಸರಗೋಡಿನ ಮಕ್ಕಳ ನೋವಿನ ನಂತರ ಎಂಡೋಸಲ್ಫಾನ್‌ಗೆ 2011ರಲ್ಲಿ ದೇಶದಲ್ಲಿ ನಿಷೇಧ ಬಂತು. 1980ರ ದಶಕದಲ್ಲಿ ಸೈಪರ್‌ಮೆಥ್ರಿನ್ ಬಳಗದ ಔಷಧಿಗಳು ಬಂದಾಗ ರೈತರು ಹಿಗ್ಗಿದರು, ಹೊಡೆದ ಮರುದಿನವೇ ಹುಳ ಬೀಳುತ್ತಿತ್ತು. ಬಿದ್ದವುಗಳಲ್ಲಿ ಮೈಟನ್ನು ತಿಂದು ಬದುಕುವ ಪರಭಕ್ಷಕ ನುಸಿಗಳೂ ಇದ್ದವು. ತಿನ್ನುವವರಿಲ್ಲದ ಹೊಲದಲ್ಲಿ ಮೈಟ್ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಹೆಚ್ಚಲೂ ಇದು ಒಂದು ಕಾರಣ. 1990ರ ದಶಕದ ಇಮಿಡಾಕ್ಲೋಪ್ರಿಡ್ ಥ್ರಿಪ್ಸ್‌ಗೆ ಸರಿ, ಮೈಟ್‌ಗೆ ಅಲ್ಲ. ಪ್ರೊಪರ್‌ಗೈಟ್, ಫೆನ್‌ಪೈರಾಕ್ಸಿಮೇಟ್ ಮೈಟ್‌ಗೆ ಸರಿ, ಥ್ರಿಪ್ಸ್‌ಗೆ ಅಲ್ಲ. ಯಾವುದು ಬಿದ್ದಿದೆಯೆಂದು ತಿಳಿಯದವನು ಎರಡನ್ನೂ ಬೆರೆಸಿ ಹೊಡೆಯುತ್ತಾನೆ. ಸಾಲದ ಹಣ ಆ ಟ್ಯಾಂಕಿನಲ್ಲಿ ಕರಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಅಷ್ಟರಲ್ಲಿ ಮೂರನೆಯದು ಬಂತು. ಆಗ್ನೇಯ ಏಷ್ಯಾದ ಥ್ರಿಪ್ಸ್ ಪಾರ್ವಿಸ್ಪೈನಸ್, ನಮ್ಮ ರೈತರ ಕಪ್ಪು ನುಸಿ, ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡದಲ್ಲಿ. 2021ರಲ್ಲಿ ಗುಂಟೂರಿನ ಮೆಣಸಿಗೆ ಬಿದ್ದು, ಆ ವರ್ಷದ ಕೊನೆಯ ಹೊತ್ತಿಗೆ ಆಂಧ್ರ, ತೆಲಂಗಾಣ ದಾಟಿ ಬಳ್ಳಾರಿ ಸೀಮೆಯನ್ನೂ ಹಿಡಿಯಿತು. ಹಳೆಯ ಥ್ರಿಪ್ಸ್ ಎಲೆಯಲ್ಲಿರುತ್ತಿತ್ತು, ಇದು ಹೂವಿನೊಳಗೆ ಹತ್ತಾರು ಸಂಖ್ಯೆಯಲ್ಲಿ ಕೂರುತ್ತದೆ. ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಹೂವಿನ ಒಳಗಿದ್ದುದರಿಂದ ಮೇಲಿನಿಂದ ಹೊಡೆದ ಎಣ್ಣೆ ಅದಕ್ಕೆ ಸರಿಯಾಗಿ ತಾಗಲಿಲ್ಲ. ಎಷ್ಟು ಸಲ ಹೊಡೆದರೂ ಬಗ್ಗದ ಹುಳವನ್ನು ಮೊದಲ ಸಲ ಕಂಡ ಬೆಳೆಗಾರರಿದ್ದರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಸ್ಯೂಡೋಮೊನಾಸ್‌ನಂಥ ಸೂಕ್ಷ್ಮಾಣುಗಳನ್ನು ಮುಂದಿಟ್ಟಿತು. ನೀಲಿ ಅಂಟು ಹಲಗೆ, ಹೊಲದ ಸುತ್ತ ಜೋಳ-ಮೆಕ್ಕೆಜೋಳದ ಸಾಲು, ಬೇವಿನ ಬೀಜದ ಕಷಾಯ ಹೀಗೆ ಹಳೆಯ ಪಾಠಗಳಿಗೆ ಮತ್ತೆ ಬೆಲೆ ಬಂತು.

ಮುಚ್ಚಿದ ಮನೆಯಲ್ಲಿ ಬೆಳೆಯುವವರು ಎಣ್ಣೆಯೊಂದನ್ನೇ ನಂಬಬಾರದೆಂಬ ಪಾಠವನ್ನು ನಮಗಿಂತ ಮೊದಲೇ ಕಲಿತಿದ್ದರು. ಜರ್ಮನಿಗೆ ಚಿಲಿಯ ಆರ್ಕಿಡ್ ಗಿಡಗಳ ಜೊತೆ ಬಂದ ಪರಭಕ್ಷಕ ನುಸಿಯೊಂದು ಕೆಂಪು ಜೇಡನುಸಿಯನ್ನು ತಿನ್ನುವುದನ್ನು 1950ರ ದಶಕದ ಕೊನೆಯಲ್ಲಿ ಗಮನಿಸಲಾಯಿತು. ನಂತರ ಹಾಲೆಂಡಿನ ಸೌತೆ ಬೆಳೆಗಾರರು ಅದನ್ನೇ ಕೊಂಡು ಬಿಡತೊಡಗಿದರು. ಕೆನಡಾದಲ್ಲಿ 2018ರಿಂದ ಕಾನೂನುಬದ್ಧವಾಗಿ ದೀಪದ ಬೆಳಕಿನಲ್ಲಿ ಗಾಂಜಾ ಬೆಳೆಯುವವರಿಗೂ ಕಾಟ ಕೊಡುವುದು ನಮ್ಮ ಮೆಣಸಿನ ಅದೇ ಮೈಟ್. ಅಲ್ಲಿ ಹೊಡೆಯಬಹುದಾದ ಔಷಧಿಗಳು ಬೆರಳೆಣಿಕೆಯಷ್ಟು, ಹಾಗಾಗಿ ಪರಭಕ್ಷಕ ನುಸಿಗಳನ್ನು ಗಿಡಕ್ಕೆ ಬಿಡುತ್ತಾರೆ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯಿದೆಯಿಂದ ಪರವಾನಗಿಯಿಲ್ಲದೆ ಆ ಬೆಳೆ ಬೆಳೆಯುವುದು ಅಪರಾಧ. ಆದರೆ ಅವರ ಕೋಣೆಯಂಥದೊಂದು ನಮ್ಮ ಹತ್ತಿರವೂ ಇದೆ: ನೆರಳುಬಲೆಯ ಕೆಳಗಿನ ಮೆಣಸಿನ ಸಸಿ ನರ್ಸರಿ.

ಈಗ ಕುರುಗೋಡು, ಸಿರುಗುಪ್ಪದ ರೈತರಲ್ಲಿ ಹಲವರು ಮಡಿಯಲ್ಲಿ ಬೀಜ ಬಿತ್ತುವುದಿಲ್ಲ, ನರ್ಸರಿಯಿಂದ ಟ್ರೇ ಸಸಿ ತರುತ್ತಾರೆ. ತೆಂಗಿನ ನಾರಿನ ಪುಡಿಯಲ್ಲಿ ಸುಮಾರು 35-40 ದಿನ ಬೆಳೆದ ಸಸಿ. ಗಾಳಿ ಕಡಿಮೆ, ತೇವ ಹೆಚ್ಚು, ಗಿಡಕ್ಕೆ ಗಿಡ ತಾಗಿಕೊಂಡಿದೆ. ಒಂದು ಮಿಲಿಮೀಟರಿನ ಐದನೇ ಒಂದು ಭಾಗದ ಮೈಟ್‌ಗೆ ಇದಕ್ಕಿಂತ ಸುಖದ ಜಾಗವಿಲ್ಲ. ಬೆಚ್ಚಗಿದ್ದರೆ ಅದರ ಒಂದು ತಲೆಮಾರು ಒಂದು ವಾರದೊಳಗೆ ಮುಗಿಯುತ್ತದೆ. 40 ಮೆಶ್ ಬಲೆ ಬಿಳಿ ನೊಣವನ್ನು ಬಹುಮಟ್ಟಿಗೆ ತಡೆಯುತ್ತದೆ, ಥ್ರಿಪ್ಸನ್ನಾಗಲಿ ಮೈಟನ್ನಾಗಲಿ ತಡೆಯುವುದಿಲ್ಲ. ಬಿಳಿ ನೊಣವನ್ನು ತಡೆದರೂ ಲಾಭವಿದೆ, ಏಕೆಂದರೆ ಈ ಮೈಟ್ ಬಿಳಿ ನೊಣದ ಕಾಲನ್ನು ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ.

ಹಾಗಾಗಿ ಟ್ರೇ ಟ್ರ್ಯಾಕ್ಟರಿಗೆ ಏರುವ ಮೊದಲು ನರ್ಸರಿಯ ಬಾಗಿಲಲ್ಲೇ ನಾಲ್ಕಾರು ಸಸಿಗಳ ತುದಿ ಎಲೆ ಹಿಡಿದು ನೋಡಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಕೈಭೂತಗನ್ನಡಿ ಸಾಕು. ಎಳೆಯ ಎಲೆಯ ಕೆಳಗೆ, ನರದ ಪಕ್ಕ, ಬಿಳಿ ಚುಕ್ಕೆಗಳ ಸಾಲು ಹೊದ್ದ ಸಣ್ಣ ಮೊಟ್ಟೆ ಕಂಡರೆ ಅದು ಮೈಟಿನದು. ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿದಾಗ ಕಡ್ಡಿಯಂತೆ ಉದ್ದನೆಯ, ಚುರುಕಾಗಿ ಓಡುವ ಹಳದಿ ಹುಳ ಬಿದ್ದರೆ ಥ್ರಿಪ್ಸ್. ಬಿದ್ದ ಹುಳ ಕಪ್ಪಗಿದ್ದರೆ ಅದು ಕಪ್ಪು ನುಸಿ, ಹೂವಿನ ಕಾಲಕ್ಕೆ ಕಾಯುವಂತಿಲ್ಲ. ಅಂಗಡಿಗೆ ಹೋಗುವಾಗ ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಬಹುದು.