ಸೀಳುವುದು, ಕೆತ್ತುವುದು, ಕೊಯ್ಯುವುದು: ನೆಲದ ಕಲ್ಲಿನ ಇತಿಹಾಸದಲ್ಲಿ ನೀರುಗರಗಸದ ಸ್ಥಾನ

1

ಗುಡಿ, ಕೋಟೆ, ಶಾಸನಗಳ ಕಲ್ಲನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿರುವರು. ಆ ಕಲ್ಲನ್ನು ಕತ್ತರಿಸಿದ ಸಾಧನಗಳ ವಿಷಯವಾಗಿ ಬರೆದುದು ಕಡಿಮೆ. ಸಾಮಾನ್ಯ ಗೃಹಸ್ಥನ ಮನೆಯ ನೆಲಕ್ಕೆ ಹಾಸಿದ ಕಲ್ಲು, ಬಿಲ್ಲೆಗಳ ವಿಷಯವಾಗಿ ಬರೆದುದಂತೂ ಇನ್ನೂ ಕಡಿಮೆ. ಈ ಕೊರತೆಯನ್ನು ಒಂದು ಚಿಕ್ಕ ಪ್ರದೇಶದ ಮಟ್ಟಿಗಾದರೂ ತುಂಬಿಕೊಳ್ಳಬೇಕೆಂಬುದು ಪ್ರಸ್ತುತ ಲೇಖನದ ಉದ್ದೇಶ. ರಾಣೆಬೆನ್ನೂರು ತಾಲೂಕಿನ ಹಲಗೇರಿಯನ್ನೂ ಅದನ್ನು ಸುತ್ತುವರಿದ ಹಾವೇರಿ, ಬ್ಯಾಡಗಿ ಸೀಮೆಯನ್ನೂ ನಾವು ಇದಕ್ಕಾಗಿ ಆರಿಸಿಕೊಂಡಿದ್ದೇವೆ. ಚಾಲುಕ್ಯರ ಕಾಲದ ಕಲ್ಲುಗೆಲಸವೂ ಇಂದಿನ ಟೈಲು ಹಾಸಿನ ಕೆಲಸವೂ ಇಲ್ಲಿ ಒಂದೇ ದಾರಿಯ ಮೇಲೆ ಕಾಣಸಿಗುತ್ತವೆ.

ನಾವು ವಿವೇಚಿಸಬೇಕಾದ ಪ್ರಶ್ನೆ ಹೊರನೋಟಕ್ಕೆ ಸಣ್ಣದು. ಮನೆಗೆ ಟೈಲು ಹಾಸಿಸುವವನು ಅದನ್ನು ಕತ್ತರಿಸಲು ಎಂಥ ಗರಗಸವನ್ನು ಆರಿಸಿಕೊಳ್ಳಬೇಕು? ನೀರು ಹಾಯಿಸಿ ಕೊಯ್ಯುವ ಯಂತ್ರಗರಗಸವನ್ನು ನಾವು ಮುಂದೆ ನೀರುಗರಗಸವೆಂದು ಕರೆಯುತ್ತೇವೆ. ಇದರಲ್ಲಿ ನೀರು ಒಂದು ಅನುಕೂಲ ಮಾತ್ರವೆಂದು ಹಲವರು ತಿಳಿಯುವರು. ಇತಿಹಾಸವನ್ನು ನೋಡಿದರೆ ನೀರು ಆ ಸಾಧನದ ಒಂದು ಅಂಗವೇ ಆಗಿದೆಯೆಂದು ತೋರುತ್ತದೆ.

2

ಕಲ್ಲನ್ನು ಬೇರ್ಪಡಿಸುವ ಕ್ರಮಗಳು ಸ್ಥೂಲವಾಗಿ ಮೂರು: ಸೀಳುವುದು, ಕೆತ್ತುವುದು, ಕೊಯ್ಯುವುದು. ಯಾವ ಕಾಲದಲ್ಲಿ ಯಾವ ಕ್ರಮ ಮೇಲಾಯಿತೆಂಬುದನ್ನು ರಾಜವಂಶವು ನಿರ್ಣಯಿಸಲಿಲ್ಲ, ಕಲ್ಲಿನ ಗುಣವು ನಿರ್ಣಯಿಸಿತು.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. 11ನೆಯ ಶತಮಾನದಿಂದೀಚೆಗೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಗೆ ಸೇರಿದ ಮೆದುವಾದ ಹಸುರುಗಪ್ಪು ಕಲ್ಲಿಗೆ ತಿರುಗಿದರು. ಹಾವೇರಿಯ ಸಿದ್ಧೇಶ್ವರ, ತುಂಗಭದ್ರೆಯ ದಡದ ಚೌಡಯ್ಯದಾನಪುರದ ಮುಕ್ತೇಶ್ವರ, ಹಾನಗಲ್ಲಿನ ತಾರಕೇಶ್ವರ ಈ ಪರಂಪರೆಯವು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸನು 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ಬಳಪದ ಸ್ಥಾನ 1, ವಜ್ರದ ಸ್ಥಾನ 10. ಈ ಗುಡಿಗಳ ಕಲ್ಲಿನಲ್ಲಿ ಹೆಚ್ಚಾಗಿರುವ ಕ್ಲೋರೈಟಿನ ಗಡಸುತನ 2ರಿಂದ 2.5. ಸಾಧಾರಣ ಉಕ್ಕಿನ ಅಲಗಿನದು ಸುಮಾರು 5.5. ಇಷ್ಟು ಅಂತರವಿರುವಲ್ಲಿ ಉಳಿಯೇ ಸಾಕು. ತಿರುಗಣೆಯ ಮೇಲೆ ಕಡೆದಂತೆ ನುಣುಪಾದ ಕಂಬಗಳೂ ಮಣಿಹಾರದ ಎಳೆಎಳೆಯೂ ಸಾಧ್ಯವಾದುದು ಈ ಅಂತರದಿಂದ. ಇಲ್ಲಿ ಗರಗಸದ ಅವಶ್ಯಕತೆಯೇ ಬೀಳಲಿಲ್ಲ.

ವಿಜಯನಗರದವರಿಗೆ ದೊರೆತುದು ಕಣಶಿಲೆ, ಅಂದರೆ ಗ್ರಾನೈಟು. ಅದರಲ್ಲಿ ಐದನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ಬೆಣಚು ಇರುತ್ತದೆ. ಬೆಣಚಿನ ಗಡಸುತನ 7. ಅಂಥ ಕಲ್ಲನ್ನು ಹಂಪೆಯ ಕೆಲಸಗಾರರು ಸಾಲಾಗಿ ಕುಳಿ ತೋಡಿ, ಬೆಣೆ ಬಡಿದು ಸೀಳಿದರು. ಅರ್ಧಕ್ಕೆ ಬಿಟ್ಟ ಬಂಡೆಗಳ ಮೇಲೆ ಆ ಕುಳಿಗಳ ಸಾಲು ಇಂದಿಗೂ ಕಾಣುತ್ತದೆ. ಸೀಳಿದ ಕಲ್ಲು ದಪ್ಪವಾಗಿರುವುದು ಅನಿವಾರ್ಯ. ಅಂಗುಲದೊಳಗಿನ ಹಾಳೆಯನ್ನು ಕಣಶಿಲೆಯಿಂದ ಬೆಣೆ ಬಡಿದು ತೆಗೆಯಲಾಗದು. ತೆಳುವಾದ, ಅಳತೆಗೆ ಸರಿಯಾದ ನೆಲಗಲ್ಲು ಬೇಕಾದರೆ ಮೂರನೆಯ ಕ್ರಮಕ್ಕೇ, ಎಂದರೆ ಕೊಯ್ಯುವುದಕ್ಕೇ ಬರಬೇಕು.

3

ಕೊಯ್ಯುವ ವಿದ್ಯೆ ಪುರಾತನವಾದುದು. ಕ್ರಿ.ಶ. 79ರಲ್ಲಿ ಮಡಿದ ರೋಮಿನ ಪ್ಲಿನಿಯು ತನ್ನ ನಿಸರ್ಗಚರಿತ್ರೆಯ 36ನೆಯ ಭಾಗದಲ್ಲಿ ಅಮೃತಶಿಲೆಯನ್ನು ಕೊಯ್ಯುವ ರೀತಿಯನ್ನು ವಿವರಿಸಿರುವನು. ಕಬ್ಬಿಣವು ಕೊಯ್ದಂತೆ ತೋರಿದರೂ ನಿಜವಾಗಿ ಕೊಯ್ಯುವುದು ಮರಳು, ಗರಗಸವು ಆ ಮರಳನ್ನು ತೆಳುವಾದ ಗೆರೆಯ ಮೇಲೆ ಒತ್ತಿ ಹಿಂದುಮುಂದಾಗಿ ಎಳೆಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಈ ಕೆಲಸಕ್ಕೆ ಬರುತ್ತಿದ್ದ ಮರಳುಗಳಲ್ಲಿ ಹಿಂದೂದೇಶದ ಮರಳನ್ನೂ ಅವನು ಹೆಸರಿಸುತ್ತಾನೆ. ಏಷ್ಯಾ ಮೈನರಿನ ಹೈರಾಪೊಲಿಸ್ ಎಂಬಲ್ಲಿ ದೊರೆತ 3ನೆಯ ಶತಮಾನದ ಶವಪೆಟ್ಟಿಗೆಯೊಂದರ ಮೇಲೆ ನೀರಿನ ಚಕ್ರದಿಂದ ನಡೆಯುವ ಕಲ್ಲುಗರಗಸದ ಚಿತ್ರವಿದೆ.

ನಮ್ಮ ದೇಶದಲ್ಲಿ ಇದೇ ತತ್ವವು ರತ್ನಗಳನ್ನು ಸಾಣೆ ಹಿಡಿಯುವವರ ಕೈಯಲ್ಲಿ ಬೆಳೆಯಿತು. ಕುರುಂದದ ಪುಡಿಯನ್ನು ಅರಗಿನೊಡನೆ ಕಲಸಿ ಮಾಡಿದ ಸಾಣೆಯ ಚಕ್ರವು ಅವರ ಮುಖ್ಯ ಸಾಧನ. ಕುರುಂದದ ಗಡಸುತನ 9. ಯೂರೋಪಿನ ಭಾಷೆಗಳ ‘ಕೊರಂಡಮ್’ ಎಂಬ ಪದವು ನಮ್ಮ ದಕ್ಷಿಣದ ಭಾಷೆಗಳಿಂದಲೇ ಹೋದುದೆಂಬುದು ಇಲ್ಲಿ ಸ್ಮರಣೀಯ. ಗಡಸು ಕಣವು ಕೊಯ್ಯುತ್ತದೆ, ಮೆದುವಾದ ಬಂಧವು ಆ ಕಣವನ್ನು ಹಿಡಿದಿಡುತ್ತದೆ. ಕಣವು ಮೊಂಡಾದಾಗ ಬಂಧ ಸವೆದು ಅದನ್ನು ಉದುರಿಸಿ ಹೊಸ ಕಣಕ್ಕೆ ಎಡೆಗೊಡುತ್ತದೆ. ಇಂದಿನ ಟೈಲು ಕೊಯ್ಯುವ ಚಕ್ರವು ಈ ಸಾಣೆಯ ವಂಶದ್ದೇ. ಕುರುಂದದ ಸ್ಥಾನಕ್ಕೆ ವಜ್ರ, ಅರಗಿನ ಸ್ಥಾನಕ್ಕೆ ಲೋಹ ಬಂದಿವೆ, ಅಷ್ಟೆ. 1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಕೃತಕ ವಜ್ರದ ತಯಾರಿಕೆಯನ್ನು ಪ್ರಕಟಿಸಿದ ತರುವಾಯ, ಅರಸರ ಕಿರೀಟಕ್ಕೆ ಮೀಸಲಾಗಿದ್ದ ವಸ್ತುವು ಕಾಲಕ್ರಮದಲ್ಲಿ ಗೌಂಡಿಯ ಚೀಲಕ್ಕೂ ಬಂದಿತು.

ಈ ಎಲ್ಲ ಕ್ರಮಗಳಿಗೂ ನೀರು ಸಹಜ ಸಂಗಾತಿ. ನೀರು ಉಜ್ಜಿಕೆಯ ಬಿಸಿಯನ್ನು ಆರಿಸುತ್ತದೆ, ಸವೆದ ಪುಡಿಯನ್ನು ಗೀರಿನಿಂದ ಹೊರಗೆ ಸಾಗಿಸುತ್ತದೆ. ಇದರ ಮೂರನೆಯ ಗುಣವು, ಎಂದರೆ ಧೂಳನ್ನು ಏಳಗೊಡದಿರುವುದು, ಎಲ್ಲಕ್ಕಿಂತ ಹಿರಿದಾದುದು. ಅದನ್ನು ಮುಂದೆ ವಿವರಿಸುತ್ತೇವೆ.

4

ಇನ್ನು ಮನೆಯ ನೆಲಕ್ಕೆ ಬರೋಣ. ಈ ಸೀಮೆಯ ಹಳೆಯ ಮನೆಗಳಲ್ಲಿ ಸೆಗಣಿಯಿಂದ ಸಾರಿಸಿದ ಮಣ್ಣಿನ ನೆಲವೇ ಸಾಮಾನ್ಯ. ಅನುಕೂಲಸ್ಥರ ಪಡಸಾಲೆಗೆ ಮಾತ್ರ ಕಲ್ಲು. 1865ರಲ್ಲಿ ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಕಾರ್ಖಾನೆಯ ಅಚ್ಚಿನಲ್ಲಿ ಒಂದೇ ಅಳತೆಗೆ ಒತ್ತಿದ ಹಂಚು ಮನೆಮನೆಗೆ ಮುಟ್ಟುವ ಕಾಲ ಅಲ್ಲಿಂದ ಮೊದಲಾಯಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳನ್ನು ಹಾಯ್ದು ಹರಿಹರದಿಂದ ಹುಬ್ಬಳ್ಳಿಗೆ ರೈಲು ಬಂದಿತು. ದೂರದ ಭಾರವಾದ ಸರಕು ಇತ್ತ ಬರುವುದು ಅದರಿಂದ ಸುಲಭವಾಯಿತು.

ಜೇಡಿಮಣ್ಣಿನ ಬಿಲ್ಲೆಯನ್ನು ಗೌಂಡಿಯು ಕರಣೆಯ ಅಂಚಿನಿಂದ ತಟ್ಟಿ ಮುರಿಯಬಲ್ಲವನಾಗಿದ್ದನು. ಶಹಾಬಾದಿನ ಫರಸಿಯು ಸುಣ್ಣಕಲ್ಲು. ಅದರ ಮುಖ್ಯ ಖನಿಜದ ಗಡಸುತನ 3. ಪದರಪದರವಾಗಿ ಏಳುವ ಆ ಕಲ್ಲಿಗೆ ಚಾಣವೂ ಸುತ್ತಿಗೆಯೂ ಸಾಕಾಗಿದ್ದವು. ಸ್ವದೇಶಿ ಚಳವಳಿಯ ಕಾಲಕ್ಕೆ, 1922ರಲ್ಲಿ, ಮುಂಬಯಿಯ ಭಾರತ್ ಸಂಸ್ಥೆಯು ಸಿಮೆಂಟಿನ ಬಣ್ಣದ ಬಿಲ್ಲೆಗಳನ್ನು ಮಾಡತೊಡಗಿತು. ಇವುಗಳ ಹಿಂದೆಯೇ ಮೊಸಾಯಿಕ್ ನೆಲ ಬಂದಿತು. ಹಾಸಿದ ಮೇಲೆ ನೀರು ಬಿಟ್ಟು ಉಜ್ಜುವ ಪದ್ಧತಿ ಅದರದು. ಮೊಸಾಯಿಕ್ ಉಜ್ಜುವವನ ಕಾಲು ಕೆಸರಾಗುತ್ತಿತ್ತು, ಉಸಿರು ಮಾತ್ರ ಸ್ವಚ್ಛವಾಗಿ ಉಳಿಯುತ್ತಿತ್ತು.

1990ರ ದಶಕದಿಂದೀಚೆಗೆ ವಿಟ್ರಿಫೈಡ್ ಟೈಲು ಹರಡಿತು. ಗುಜರಾತಿನ ಮೋರ್ಬಿಯು ಇದರ ದೊಡ್ಡ ಕೇಂದ್ರ. ಈ ಟೈಲು ತನ್ನ ತೂಕದ ನೂರಕ್ಕೆ ಅರ್ಧ ಭಾಗದಷ್ಟು ನೀರನ್ನೂ ಹೀರುವುದಿಲ್ಲ. ಗೋಡೆಗೆ ಹಚ್ಚುವ ಸಾಧಾರಣ ಟೈಲು ನೂರಕ್ಕೆ ಹತ್ತಕ್ಕೂ ಮಿಕ್ಕಿ ಹೀರುತ್ತದೆ. ಹೀಗೆ ಸಾಂದ್ರವೂ ಗಾಜಿನಂತೆ ಗಡಸೂ ಆದ, ಒಡಲಲ್ಲಿ ಬೆಣಚಿನ ಕಣಗಳುಳ್ಳ ವಸ್ತುವಿಗೆ ಕರಣೆಯೂ ನಡೆಯದು, ಚಾಣವೂ ನಡೆಯದು. ಇಳಕಲ್ಲಿನ ಕೆಂಪು ಕಣಶಿಲೆಯ ನುಣುಪಾದ ಹಾಸುಗಳ ಮಾತೂ ಇದೇ. ಹಲಗೇರಿಯಂಥ ಊರಿನ ಹೊಸ ಮನೆಯಲ್ಲಿ ಇವೆರಡೂ ಇಂದು ಸಾಮಾನ್ಯವಾಗಿವೆ.

ಇಲ್ಲಿ ಇತಿಹಾಸದ ಒಂದು ಕ್ರಮ ತಪ್ಪಿತು. ಹಿಂದೆ ಕಲ್ಲು ಬದಲಾದಾಗಲೆಲ್ಲ ಅದಕ್ಕೆ ತಕ್ಕ ಸಾಧನವೂ ಪದ್ಧತಿಯೂ ಒಟ್ಟಾಗಿ ಬಂದಿದ್ದವು. ಈಗಲಾದರೋ ಗಡಸು ಟೈಲು ಬಂದಿತು, ವಜ್ರದ ಚಕ್ರವೂ ಬಂದಿತು, ನೀರು ಮಾತ್ರ ಹಿಂದೆ ಉಳಿಯಿತು. ಕೈಯಲ್ಲಿ ಹಿಡಿದು ಒಣಗಿದ್ದಂತೆಯೇ ಕೊಯ್ಯುವ ಸಣ್ಣ ಕಟ್ಟರ್ ಯಂತ್ರವು ಎಲ್ಲೆಡೆ ರೂಢಿಯಾಯಿತು.

5

ಇದರಿಂದಾಗುವ ಹಾನಿಯು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬೆಣಚಿನ ಬಂಡೆಯನ್ನು ಕೊರೆಯುತ್ತಿದ್ದ ಕೆಲಸಗಾರರಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು 1940ರ ದಶಕದ ವೈದ್ಯ ಪರೀಕ್ಷೆಗಳಿಂದ ಸ್ಪಷ್ಟವಾಗಿ ಕಂಡುಬಂದಿತು. 1948ರ ಕಾರ್ಖಾನೆಗಳ ಅಧಿನಿಯಮವು ಅದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು, ಉದ್ಯೋಗದಲ್ಲಿ ಉಸಿರೊಡನೆ ಒಳಗೆ ಹೋಗುವ ಸ್ಫಟಿಕರೂಪದ ಸಿಲಿಕವು ಮನುಷ್ಯರಲ್ಲಿ ಕ್ಯಾನ್ಸರಿಗೂ ಕಾರಣವೆಂದು ನಿರ್ಣಯಿಸಿತು. ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಅದೇ ಜಾತಿಯ ಧೂಳು ಮಾತ್ರ ಊರೂರಿನ ಮನೆಗೆಲಸದಲ್ಲಿ ಏಳುತ್ತಲೇ ಇದೆ.

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಆದರೂ ಚೀಲ ಸುರಿದೊಡನೆ ಬರುವ ಘಾಟಿಗೆ ಹಮಾಲನು ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತಾನೆ. ಸಿಲಿಕದ ಧೂಳಿಗೆ ಘಾಟಿಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ಭಾಗವೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಪರಿಣಾಮವು ತೋರುವುದು ಹಲವು ವರ್ಷಗಳ ಮೇಲೆ, ಆಗ ಗುಣಪಡಿಸುವ ಮದ್ದಿಲ್ಲ. ಟೈಲು ಹಾಸಿಸುವ ಗೃಹಸ್ಥನಿಗೆ ಅದು ನಾಲ್ಕು ದಿನದ ಧೂಳು, ಗೌಂಡಿಗೆ ಜೀವಮಾನದ ಧೂಳು. ಆದಕಾರಣ ಗರಗಸದ ಆಯ್ಕೆಯನ್ನು ಹಣದ ಲೆಕ್ಕಕ್ಕೆ ಮಾತ್ರ ಬಿಡುವುದು ಸಲ್ಲದು.

6

ಮೇಲ್ಕಂಡ ಸಂಗತಿಗಳನ್ನು ಲಕ್ಷ್ಯದಲ್ಲಿಟ್ಟುಕೊಂಡು ಆಯ್ಕೆಯ ಕ್ರಮವನ್ನು ಹೀಗೆ ಹೇಳಬಹುದು.

ಮೊದಲನೆಯದಾಗಿ, ಎಲ್ಲ ಕೆಲಸಕ್ಕೂ ಯಂತ್ರ ಬೇಕಿಲ್ಲ. ಎರಡು ಅಡಿ ಚೌಕದ ಟೈಲುಗಳಿಂದ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯನ್ನು ಹಾಸಿದರೆ, ಕೀಲಿನ ಎಡೆಯನ್ನು ಲೆಕ್ಕಿಸದೆ, 30 ಇಡಿ ಟೈಲುಗಳು ಕೂಡುತ್ತವೆ. 11 ಅಡಿಗೆ 13 ಅಡಿಯಾದರೆ ಎರಡು ಬದಿಗೂ ತುಂಡು ಬೇಕು. ಆ ತುಂಡುಗಳೆಲ್ಲ ನೇರವಾದವು. ಗೀರು ಹಾಕಿ ಒತ್ತಿ ಮುರಿಯುವ ಕೈಗರಗಸದಂಥ ಸಾಧನವು ಇದಕ್ಕೆ ಬಹುಮಟ್ಟಿಗೆ ಸಾಕು. ಅದಕ್ಕೆ ವಿದ್ಯುತ್ತೂ ಬೇಡ, ಅದರಿಂದ ಏಳುವ ಧೂಳೂ ಅತ್ಯಲ್ಪ. ಮೂಲೆಯನ್ನು ಕಿತ್ತು ತೆಗೆಯುವಲ್ಲಿ, ಕಿರಿದಾದ ಪಟ್ಟಿಯನ್ನು ಕೊಯ್ಯುವಲ್ಲಿ, ಕಣಶಿಲೆಯಲ್ಲಿ, ಅಂಚನ್ನು ಓರೆಮಾಡುವಲ್ಲಿ ನೀರುಗರಗಸವೇ ಬೇಕು.

ಎರಡನೆಯದಾಗಿ, ವೇಗವನ್ನು ಪರಿಶೀಲಿಸಬೇಕು. ಕೈಯಲ್ಲಿ ಹಿಡಿಯುವ 110 ಮಿಲಿಮೀಟರ್ ಚಕ್ರದ ಯಂತ್ರವು ನಿಮಿಷಕ್ಕೆ ಸುಮಾರು 13,000 ಸುತ್ತು ತಿರುಗುತ್ತದೆ. ಚಕ್ರದ ಅಂಚಿನ ವೇಗ ಆಗ ಸೆಕೆಂಡಿಗೆ ಸುಮಾರು 75 ಮೀಟರ್. ಮೇಜಿನ ಮಾದರಿಯ 180 ಮಿಲಿಮೀಟರ್ ಚಕ್ರವು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗಿದರೆ ಆ ವೇಗ ಸುಮಾರು 27 ಮೀಟರ್. ಮೊದಲನೆಯದು ಬೇಗ ಕೊಯ್ಯುತ್ತದೆ, ಹೆಚ್ಚು ಚಿಮ್ಮಿಸುತ್ತದೆ. ಎರಡನೆಯದರಲ್ಲಿ ಚಕ್ರದ ಕೆಳಭಾಗವು ನೀರಿನ ತಟ್ಟೆಯಲ್ಲಿ ಮುಳುಗಿ ತನ್ನ ನೀರನ್ನು ತಾನೇ ಎತ್ತಿಕೊಳ್ಳುತ್ತದೆ. ಮನೆಯ ಕೆಲಸಕ್ಕೆ ಎರಡನೆಯದೇ ಹಿತಕರ.

ಮೂರನೆಯದಾಗಿ, ಅಳತೆ. 600 ಮಿಲಿಮೀಟರ್ ಚೌಕದ ಟೈಲಿನ ಕರ್ಣವು ಸುಮಾರು 850 ಮಿಲಿಮೀಟರ್. ಕರ್ಣದ ಕೊಯ್ತವಿದ್ದರೆ ಚಕ್ರವೇ ಹಳಿಯ ಮೇಲೆ ಸರಿಯುವ ಮಾದರಿ ಬೇಕು, ಚಿಕ್ಕ ಮೇಜು ಸಾಲದು. ಅಂಥದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಒಂದೇ ಮನೆ ಕಟ್ಟುವವನಿಗೆ ಲೇಸು.

ನಾಲ್ಕನೆಯದಾಗಿ, ಚಕ್ರ. ಟೈಲಿಗೆ ಅಂಚು ಅಖಂಡವಾಗಿರುವ ಚಕ್ರ ತಕ್ಕುದು. ಅಂಚಿನಲ್ಲಿ ಸೀಳುಗಳಿರುವುದು ಕಾಂಕ್ರೀಟಿಗೂ ಒರಟು ಕಲ್ಲಿಗೂ ಸರಿ, ಟೈಲಿನ ಮೆರುಗನ್ನು ಅದು ಚಕ್ಕೆ ಎಬ್ಬಿಸುತ್ತದೆ. ಗಡಸು ಟೈಲಿಗೆ ಮೆದು ಬಂಧದ ಚಕ್ರವನ್ನೇ ಆರಿಸಬೇಕೆಂಬುದು ಹೊಸಬರಿಗೆ ವಿಪರೀತವೆನಿಸೀತು. ಹಿಂದೆ ಹೇಳಿದ ಸಾಣೆಯ ತತ್ವವನ್ನು ನೆನೆದರೆ ಅದರ ಕಾರಣ ತಾನಾಗಿ ಹೊಳೆಯುತ್ತದೆ: ವಜ್ರದ ಕಣ ಬೇಗ ಮೊಂಡಾಗುವಲ್ಲಿ ಬಂಧವೂ ಬೇಗ ಸವೆಯಬೇಕು.

ಐದನೆಯದಾಗಿ, ನೀರೂ ವಿದ್ಯುತ್ತೂ ಕೂಡುವ ಅಪಾಯ. ಭೂಸಂಪರ್ಕವಿರುವ ಮೂರು ಮೊಳೆಯ ಪ್ಲಗ್ಗನ್ನೂ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಸ್ವಿಚ್ಚನ್ನೂ ಹಾಕಿಸದೆ ನೀರುಗರಗಸವನ್ನು ನಡೆಯಿಸಬಾರದು. ಕೆಸರನ್ನು ತಿಳಿಯಾಗಲು ಬಿಟ್ಟು, ಹಸಿಯಿರುವಾಗಲೇ ತೆಗೆಯಬೇಕು. ಒಣಗಿದ ಮೇಲೆ ಗುಡಿಸಿದರೆ ತಡೆದಿದ್ದ ಧೂಳು ಮತ್ತೆ ಎದ್ದು, ನೀರು ಹಾಯಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ನೀರಿನ ಅಭಾವವಿರುವ ಸೀಮೆಯಲ್ಲಿ ಇದು ನಡೆಯದೆಂಬ ಆಕ್ಷೇಪಕ್ಕೆ ಬಲವಿಲ್ಲ. ತಟ್ಟೆಯ ನೀರು ಸುತ್ತಿಸುತ್ತಿ ಅದೇ ಬರುತ್ತದೆ. ಬಕೆಟ್ಟಿನ ಲೆಕ್ಕದಲ್ಲಿ ಮುಗಿಯುವ ವೆಚ್ಚವದು.

7

ಈ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧಪಡುತ್ತವೆ. ಸಾಧನವು ಕಲ್ಲನ್ನು ಅನುಸರಿಸಿ ಬರುತ್ತದೆ ಎಂಬುದು ಮೊದಲನೆಯದು. ಚೌಡಯ್ಯದಾನಪುರದ ಉಳಿಯೂ ಹಂಪೆಯ ಬೆಣೆಯೂ ಇಂದಿನ ವಜ್ರದ ಚಕ್ರವೂ ಈ ಒಂದೇ ನಿಯಮಕ್ಕೆ ಒಳಪಟ್ಟವು. ಬೆಣಚುಳ್ಳ ವಸ್ತುವನ್ನು ಕೊಯ್ಯುವಲ್ಲಿ ನೀರನ್ನು ಬಿಟ್ಟ ಸಾಧನವು ಅಪೂರ್ಣ ಸಾಧನವೆಂಬುದು ಎರಡನೆಯದು. ಅದರ ಅಪೂರ್ಣತೆಯನ್ನು ತುಂಬಿಕೊಡುವುದು ಕೆಲಸಗಾರನ ಉಸಿರು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಗುಡಿಗಳ ಕಂಬಗಳನ್ನು ಅಳೆಯುವ ಶ್ರದ್ಧೆಯಿಂದಲೇ ತಮ್ಮ ತಮ್ಮ ಊರಿನ ನೆಲಗಳನ್ನೂ ಗೌಂಡಿಗಳ ಸಾಧನಗಳನ್ನೂ, ಆ ಸಾಧನಗಳಿಗೆ ಅವರು ಇಟ್ಟುಕೊಂಡ ಹೆಸರುಗಳನ್ನೂ ಬರೆದಿಟ್ಟರೆ, ಈ ಲೇಖನದಲ್ಲಿ ಸ್ಥೂಲವಾಗಿ ಸೂಚಿಸಿದ ಇತಿಹಾಸವು ಊರೂರಿನ ಆಧಾರಗಳಿಂದ ಪುಷ್ಟವಾಗುವುದು.