ಬಸುರಿಯ ಮನಸ್ಸಿನ ಒತ್ತಡ: ಮಗುವಿನ ಸ್ವಭಾವ ಮತ್ತು ಉಸಿರಿನ ಮೇಲೆ ಪರಿಣಾಮ

ಆದೋನಿ: ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದಕಡಬೂರು ಕಡೆಯ ಹಳ್ಳಿಗಳಲ್ಲಿ ಸಾಲು ಮನೆಗಳಿಗೆ ಬೀಗ ಬೀಳುತ್ತದೆ. ಮೆಣಸಿನಕಾಯಿ ಕೊಯ್ಯಲು, ಹತ್ತಿ ಬಿಡಿಸಲು ಗುಂಟೂರು ಕಡೆಗೆ ಗುಳೆ ಹೋಗುವವರಲ್ಲಿ ಬಸುರಿಯರೂ ಇರುತ್ತಾರೆ. ತಲೆಯ ಮೇಲೆ ಸಾಲ, ಮಲಗಲು ಹೊಲದ ಗುಡಿಸಲು, ಜೊತೆಗೆ ಹೆರಿಗೆಯ ಭಯ. ಈ ಚಿಂತೆ ತಾಯಿಯೊಬ್ಬಳಲ್ಲೇ ನಿಲ್ಲುವುದಿಲ್ಲ, ಹೊಟ್ಟೆಯಲ್ಲಿರುವ ಮಗುವನ್ನೂ ಮುಟ್ಟಬಹುದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಬಸುರಿಯನ್ನು ಅಳಿಸಬಾರದು ಎಂದು ಹಿರಿಯರು ಹೇಳುತ್ತಿದ್ದುದು ಬರೀ ಮೂಢನಂಬಿಕೆಯಲ್ಲ.

ಆತಂಕವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಮಾಸು, ಅಂದರೆ ತೆಲುಗಿನಲ್ಲಿ ಮಾಯ, ಇದಕ್ಕೆ ಒಂದು ಬಾಗಿಲಿನಂತೆ. ಅದರಲ್ಲಿರುವ ಕಿಣ್ವವೊಂದು ತಾಯಿಯ ಕಾರ್ಟಿಸಾಲಿನ ಹೆಚ್ಚಿನ ಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ಒತ್ತಡ ತೀವ್ರವಾಗಿ, ಬಹುಕಾಲ ಇದ್ದರೆ ಈ ಕಾವಲು ಸಡಿಲವಾಗಬಹುದು. ವಿಚಿತ್ರವೆಂದರೆ ಶ್ವಾಸಕೋಶ ಬಲಿಯಲು ಇದೇ ಜಾತಿಯ ಹಾರ್ಮೋನು ಬೇಕೇ ಬೇಕು. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆಯಿದ್ದರೆ ವೈದ್ಯರು ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಮಗುವಿನ ಉಸಿರನ್ನು ಉಳಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಇದನ್ನು ತೋರಿಸಿದರು. ಆದ್ದರಿಂದ ಆ ಇಂಜೆಕ್ಷನ್ನಿಗೆ ಹೆದರಬೇಕಿಲ್ಲ. ವೈದ್ಯರು ಅಳೆದು ಕೊಡುವ ಒಂದೆರಡು ದಿನದ ಔಷಧ ಬೇರೆ, ತಿಂಗಳುಗಟ್ಟಲೆ ಕೊರೆಯುವ ಚಿಂತೆ ಬೇರೆ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಬಸುರಿಯಾಗಿದ್ದ ಸುಮಾರು 14,000 ಮಹಿಳೆಯರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಲಾಯಿತು. ಬಸುರಿನ ಕೊನೆಯ ತಿಂಗಳುಗಳಲ್ಲಿ ತೀವ್ರ ಆತಂಕವಿದ್ದ ತಾಯಂದಿರ ಮಕ್ಕಳಲ್ಲಿ ನಾಲ್ಕನೇ ವಯಸ್ಸಿಗೆ ಚಂಚಲತೆ, ಗಮನವಿಲ್ಲದಿರುವಿಕೆ, ಹಟದಂಥ ತೊಂದರೆಗಳ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಏಳೂವರೆ ವರ್ಷದ ಹೊತ್ತಿಗೆ ಉಬ್ಬಸವೂ (ಗಡಿಯ ಎರಡೂ ಕಡೆ ಈ ರೋಗಕ್ಕೆ ಒಂದೇ ಹೆಸರು) ಹೆಚ್ಚಾಗಿ ಕಂಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1998ರ ಜನವರಿಯಲ್ಲಿ ಹಿಮಗಟ್ಟಿದ ಮಳೆ ಬಿದ್ದು ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ, ಕೆಲವಕ್ಕೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಬಸುರಿಯಾಗಿದ್ದು ಹೆಚ್ಚು ಕಂಗೆಟ್ಟಿದ್ದವರ ಹೆಣ್ಣುಮಕ್ಕಳಲ್ಲಿ ಮುಂದೆ ಉಬ್ಬಸ ಹೆಚ್ಚಿತ್ತು. ಅಲ್ಲಿ ನೋಡಿದ ಮಕ್ಕಳ ಸಂಖ್ಯೆ ಮಾತ್ರ ಸಣ್ಣದು.

ಬರದ ಸೀಮೆಯವರಿಗೆ ಇನ್ನೂ ಹತ್ತಿರವಾದದ್ದು ನೆದರ್ಲೆಂಡ್ಸಿನಲ್ಲಿ 1944-45ರಲ್ಲಿ ಬಂದ ಕ್ಷಾಮ. ಆಗ ಗರ್ಭದಲ್ಲಿದ್ದವರನ್ನು ಸುಮಾರು ಐವತ್ತು ವರ್ಷದ ನಂತರ ಪರೀಕ್ಷಿಸಿದಾಗ, ಗರ್ಭದ ಮೊದಲ ಮತ್ತು ನಡುವಿನ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕವರಲ್ಲಿ ಉಸಿರುನಾಳ ಕಟ್ಟುವ ಕಾಯಿಲೆ ಹೆಚ್ಚಿತ್ತು.

ಇಷ್ಟಾದರೂ ಇದು ಹಣೆಬರಹವಲ್ಲ. ಆತಂಕಪಟ್ಟ ಹೆಚ್ಚಿನ ತಾಯಂದಿರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಸೌದೆ ಒಲೆಯ ಹೊಗೆ, ಮನೆಯವರ ಬೀಡಿ, ರಕ್ತಹೀನತೆ, ದಿನ ತುಂಬದ ಹೆರಿಗೆ, ವಂಶದ ಗುಣ, ಇವೆಲ್ಲ ಒಟ್ಟಿಗೆ ಬರುವುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಮಗುವಿಗೆ ದಮ್ಮು ಬಂದರೆ 'ನೀನು ಅತ್ತಿದ್ದಕ್ಕೇ ಹೀಗಾಯಿತು' ಎಂದು ಸೊಸೆಯನ್ನು ಹಂಗಿಸುವ ಅತ್ತೆಯರಿಗೆ ಇದು ಗೊತ್ತಿರಲಿ. ಅವಳನ್ನು ಅಳಿಸಿದವರು ಯಾರೆಂಬುದನ್ನು ಮೊದಲು ಕೇಳಬೇಕು.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಎರಡು ವಾರ ಕಳೆದರೂ ಬಿಡದ ದುಗುಡ ಇದ್ದರೆ ಆಶಾ ಅಥವಾ ಎ.ಎನ್.ಎಂ.ಗೆ ಹೇಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದ ಇದೆ. ಗುಳೆ ಹೊರಡುವವರು, ತವರಿಗೆಂದು ಬಳ್ಳಾರಿ, ಸಿರುಗುಪ್ಪ ಕಡೆ ಹೋಗುವವರು ತಾಯಿ-ಮಗುವಿನ ಕಾರ್ಡನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಮನಸ್ಸಿನ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು.