ತಾಯಂದಿರ ಲೆಕ್ಕ, ಮಕ್ಕಳ ಲೆಕ್ಕ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿ, "ಮೇಷ್ಟ್ರೇ, ಮಗಳನ್ನು ಡೇಕೇರ್‌ಗೆ ಸೇರಿಸಬೇಕಾಗಿದೆ. ಹೋದಲ್ಲೆಲ್ಲ ಕ್ಯಾಮರಾ ತೋರಿಸುತ್ತಾರೆ. ಇನ್ನೇನು ಕೇಳಬೇಕು?" ಎಂದಳು. "ಒಬ್ಬ ಆಯಾ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾಳೆ ಎಂದು ಕೇಳಮ್ಮ" ಎಂದೆ. ನಮ್ಮ ಶಾಸನಗಳು ಈ ಪ್ರಶ್ನೆಯನ್ನು ಹೇಗೆ ನೋಡಿದವು ಎಂಬ ಯೋಚನೆ ಆಮೇಲೆ ಬಹಳ ಹೊತ್ತು ನನ್ನನ್ನು ಕಾಡಿತು.

1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕುಳ್ಳ ಕೋಣೆಯಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಸ್ತ್ರೀಯರ ಮೇಲ್ವಿಚಾರಣೆ ಇರಬೇಕು ಎಂದು ವಿಧಿಸಿತು. 1976ರ ತಿದ್ದುಪಡಿ ಆ ಐವತ್ತನ್ನು ಮೂವತ್ತಕ್ಕೆ ಇಳಿಸಿತು. ಒಳ್ಳೆಯದೇ. ಆದರೆ ಗಮನಿಸಿ, ಕಲಮು ಎಣಿಸಿದ್ದು ತಾಯಂದಿರನ್ನು. ಒಬ್ಬಳ ಕಣ್ಣಳತೆಯಲ್ಲಿ ಎಷ್ಟು ಕೂಸುಗಳಿರಬಹುದೆಂದು ಅದು ಹೇಳಲಿಲ್ಲ.

ಕಟ್ಟಡದ ಕೂಲಿ ಹೆಂಗಸರಂತೂ ಆ ಎಣಿಕೆಗೂ ಸಿಗಲಿಲ್ಲ. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಧೂಳಿನಲ್ಲಿ ಬಿದ್ದಿದ್ದ ಹಸುಳೆಗಳನ್ನು ಕಂಡು ಮೀರಾ ಮಹಾದೇವನ್ ಅವರು ಒಂದು ಡೇರೆಯಲ್ಲಿ ಶಿಶುಪಾಲನೆ ಆರಂಭಿಸಿದರು. 'ಮೊಬೈಲ್ ಕ್ರೆಶಸ್' ಸಂಸ್ಥೆ ಹುಟ್ಟಿದ್ದು ಹಾಗೆ. ಯಾರ ಜನ್ಮಶತಾಬ್ದಿಗೆ ಯಾರ ಮಕ್ಕಳು ಧೂಳಿನಲ್ಲಿದ್ದರೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂದಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆಹಾರ, ಚುಚ್ಚುಮದ್ದು, ಮನೆಭೇಟಿ ಎಲ್ಲವೂ ಅವರ ಹೆಗಲಿಗೇ. ಕಾರ್ಯಕರ್ತೆ ಸಭೆಗೆ ಹೋದ ದಿನ ಒಲೆಯ ಮುಂದಿರುವ ಸಹಾಯಕಿಯೇ ಅಂಗಳವನ್ನೂ ನೋಡಬೇಕು.

ಅಂಥದೊಂದು ದಿನ, ನಮ್ಮ ಶಾಲೆಯ ಪಕ್ಕದ ಅಂಗನವಾಡಿಯ ಕಾರ್ಯಕರ್ತೆ "ಸ್ವಲ್ಪ ನೋಡ್ಕೊಂಡಿರಿ ಮೇಷ್ಟ್ರೇ" ಎಂದು ಹೇಳಿ ಸಭೆಗೆ ಹೊರಟರು. ಆಗಲಿ ಎಂದು ಒಪ್ಪಿಕೊಂಡ ನಾನು ಭಿನ್ನರಾಶಿಯ ಪಾಠದಲ್ಲಿ ಮುಳುಗಿಬಿಟ್ಟೆ. ಊಟದ ಹೊತ್ತಿಗೆ ನಾಲ್ಕು ವರ್ಷದ ಹುಡುಗನೊಬ್ಬ ಇಲ್ಲ. ಎಲ್ಲರೂ ಮೊದಲು ಓಡಿದ್ದು ಬಾವಿಯ ಕಡೆಗೆ. ಅದರೊಳಗೆ ಬಗ್ಗಿ ನೋಡಿದ ಗಳಿಗೆ ನನಗಿನ್ನೂ ಮರೆತಿಲ್ಲ. ಹುಡುಗ ಆಹಾರದ ಮೂಟೆಗಳ ಹಿಂದೆ ನಿದ್ದೆ ಹೋಗಿದ್ದ. ಹಾಜರಿ ಪುಸ್ತಕ ತೆಗೆದು ನೋಡಿದೆ. ಅವನ ಹೆಸರಿನ ಮುಂದೆ ಬೆಳಗಿನ ಗುರುತು ಅಚ್ಚುಕಟ್ಟಾಗಿತ್ತು. ಅವನು ಬಂದನೆಂದು ಪುಸ್ತಕಕ್ಕೆ ಗೊತ್ತಿತ್ತು, ಈಗ ಎಲ್ಲಿದ್ದಾನೆಂದು ಗೊತ್ತಿರಲಿಲ್ಲ. ಮರುದಿನದಿಂದ ಆ ಕಾರ್ಯಕರ್ತೆ ಗಂಟೆಗೊಮ್ಮೆ ತಲೆ ಎಣಿಸತೊಡಗಿದರು. ನಾನೂ ಪ್ರವಾಸದ ಬಸ್ಸಿನಲ್ಲಿ ಎರಡೆರಡು ಸಲ ಎಣಿಸುತ್ತಿದ್ದುದನ್ನು ನೀವು ಆಡಿಕೊಂಡು ನಗುತ್ತಿದ್ದಿರಲ್ಲವೆ?

2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ, ಶಿಶುಪಾಲನಾ ಕೇಂದ್ರಕ್ಕೆ ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿಬರಲು ಅವಕಾಶ ಕೊಟ್ಟಿತು. ಮರುವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೊಬ್ಬರು, ಅದಕ್ಕಿಂತ ದೊಡ್ಡವರಾದರೆ ಇಪ್ಪತ್ತು ಮಕ್ಕಳಿಗೊಬ್ಬರು ಇರಬೇಕೆಂದಿತು. 1948ರ ಕಲಮು ಬಿಟ್ಟಿದ್ದ ಲೆಕ್ಕ ಇದೇ.

ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಮೂರು ಕಡೆ ವಿಚಾರಿಸಿದಳಂತೆ. ಎರಡು ಕಡೆ ಮತ್ತೆ ಕ್ಯಾಮರಾಗಳ ಸಂಖ್ಯೆಯನ್ನೇ ಹೇಳಿದರಂತೆ. ಮೂರನೆಯ ಕಡೆ ಆಯಾ ಮಕ್ಕಳ ಮೇಲಿನ ಕಣ್ಣು ತೆಗೆಯದೆಯೇ "ನನ್ನ ಹತ್ತಿರ ಎಂಟು" ಎಂದಳಂತೆ. ಅಲ್ಲಿಗೇ ಸೇರಿಸಿದ್ದಾಳೆ. ಶುಲ್ಕ ಮಾತ್ರ ತುಸು ಜಾಸ್ತಿಯಂತೆ.